ಐದು ವರ್ಷಕ್ಕೆ ಮೂವತ್ತು ಗಂಟೆ

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ದವಾಖಾನೆ ನಡೆಸುವ ವೈದ್ಯರು ಐದು ವರ್ಷಕ್ಕೊಮ್ಮೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಮ್ಮ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಶುಲ್ಕ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಿಂದಿನ ಐದು ವರ್ಷಗಳಲ್ಲಿ 30 ಕ್ರೆಡಿಟ್ ಗಂಟೆಗಳಷ್ಟು ಹೊಸ ಕಲಿಕೆ ನಡೆಸಿದ್ದಕ್ಕೆ ಪ್ರಮಾಣಪತ್ರಗಳನ್ನೂ ಒದಗಿಸಬೇಕು. ಕಡತದಲ್ಲಿ ಇದರ ಹೆಸರು ನಿರಂತರ ವೈದ್ಯಕೀಯ ಶಿಕ್ಷಣ. ವೈದ್ಯರ ಬಾಯಲ್ಲಿ ಸಿಎಂಇ. ದವಾಖಾನೆಯ ಬೋರ್ಡಿನ ಮೇಲೆ ಡಿಗ್ರಿಯ ಪಕ್ಕದಲ್ಲಿ ಒಂದು ನೋಂದಣಿ ಸಂಖ್ಯೆ ಇರುವುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನ ನೋಡಿಯೇ ಇರುತ್ತಾರೆ. ಆ ಸಂಖ್ಯೆಗೂ ಒಂದು ಅವಧಿ ಇದೆ, ಅವಧಿ ಮುಗಿದಾಗ ಅದನ್ನು ಮತ್ತೆ ಗಳಿಸಿಕೊಳ್ಳಬೇಕು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರಬೇಕು, ಏಕೆಂದರೆ ಈ ನಿಯಮ ಹುಟ್ಟಿದ್ದೇ ರೋಗಿಯ ಸಲುವಾಗಿ. ನಿಯಮ ಬೇಕೇ ಬೇಕು ಎಂಬುದು ನನ್ನ ಮೊದಲ ಮಾತು. ಈಗಿರುವಂತೆ ಬರೀ ಗಂಟೆ ಎಣಿಸುತ್ತ ಕುಳಿತರೆ ಅದರ ಫಲ ನಮ್ಮ ಸೀಮೆಯ ತ್ಯಾಗಲಿಯಂಥ ಹಳ್ಳಿಯ ರೋಗಿಯ ಮಂಚದವರೆಗೆ ಬರುವುದಿಲ್ಲ ಎಂಬುದು ಎರಡನೆಯದು. ಈ ಸೀಮೆಯ ಕಾಯಿಲೆಗಳನ್ನು ಈ ಸೀಮೆಯಲ್ಲೇ ಕೂತು ಕಲಿತದ್ದು ನವೀಕರಣದ ಲೆಕ್ಕಕ್ಕೆ ಮೊದಲು ಬರಬೇಕು.

ಲೈಸೆನ್ಸ್ ನವೀಕರಣ ನಮಗೇನೂ ಹೊಸದಲ್ಲ. ಬಸ್ಸು, ಲಾರಿ ಓಡಿಸುವವರು ಐದು ವರ್ಷಕ್ಕೊಮ್ಮೆ ಆರ್‌ಟಿಒ ಮೆಟ್ಟಿಲು ಹತ್ತಬೇಕು. ಆದರೆ ನವೀಕರಣದ ಜೊತೆಗೆ ಕಲಿಕೆಯನ್ನೂ ಕೇಳುವ ವೃತ್ತಿಗಳು ಬೇರೆಯೇ ಇವೆ, ಅವುಗಳ ಲೆಕ್ಕ ಒಂದೊಂದಕ್ಕೂ ಒಂದೊಂದು ಥರ. ದಾದಿಯರಿಗೆ ಭಾರತೀಯ ಶುಶ್ರೂಷಾ ಪರಿಷತ್ತು ಐದು ವರ್ಷಕ್ಕೆ 150 ಗಂಟೆಗಳ ಕಲಿಕೆ ನಿಗದಿಪಡಿಸಿದೆ. ಔಷಧ ಅಂಗಡಿಯ ಫಾರ್ಮಸಿಸ್ಟರು ಐದು ವರ್ಷದಲ್ಲಿ ಒಂದೊಂದು ದಿನದ ಎರಡು ಮರುತರಬೇತಿಗಳಿಗೆ ಹೋಗಿರಬೇಕೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಹೇಳುತ್ತದೆ. ವೃತ್ತಿಯಲ್ಲಿರುವ, 60 ದಾಟದ ಚಾರ್ಟರ್ಡ್ ಅಕೌಂಟೆಂಟರಿಗೆ ಮೂರು ವರ್ಷಕ್ಕೆ 120 ಗಂಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಂದ ವರ್ಷಕ್ಕೆ 50 ಗಂಟೆ ನಿರೀಕ್ಷಿಸುತ್ತದೆ. ವಕೀಲರಿಗೆ ಮಾತ್ರ ವೃತ್ತಿಯ ಬಾಗಿಲಲ್ಲಿ ಒಮ್ಮೆ ಅಖಿಲ ಭಾರತ ವಕೀಲರ ಪರೀಕ್ಷೆ, ಅದೂ 2010ರಿಂದೀಚೆಗೆ. ಆಮೇಲೆ ಕಡ್ಡಾಯ ಕಲಿಕೆ ಎಂಬುದಿಲ್ಲ. ಇವುಗಳ ನಡುವೆ ವೈದ್ಯರ 30 ಗಂಟೆಯನ್ನು ಇಟ್ಟು ನೋಡಿದರೆ ವರ್ಷಕ್ಕೆ ಬರುವುದು 6 ಗಂಟೆ, ಒಂದು ದಿನದ ಡ್ಯೂಟಿಗಿಂತಲೂ ಕಡಿಮೆ. ಅಡಿಕೆ ಮಂಡಿಯ ಲೆಕ್ಕಪತ್ರ ನೋಡುವವರು ವರ್ಷಕ್ಕೆ 40 ಗಂಟೆ ಕಲಿಯಬೇಕು, ಅದೇ ಮಂಡಿಯ ಹಮಾಲರ ಜ್ವರ ನೋಡುವವರಿಗೆ 6 ಗಂಟೆ ಸಾಕು ಎಂದಾಯಿತು. ಆದ್ದರಿಂದ ಹೊರೆ ಹೆಚ್ಚಾಯಿತು ಎಂಬ ಮಾತಿನಿಂದ ಈ ಚರ್ಚೆಯನ್ನು ಶುರುಮಾಡುವುದಕ್ಕೆ ಬರುವುದಿಲ್ಲ.

ವೈದ್ಯರ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಡುವ ಪದ್ಧತಿಗೆ ಬ್ರಿಟನ್ನಿನ 1858ರ ವೈದ್ಯಕೀಯ ಕಾಯ್ದೆ ಮೂಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿನ ವೈದ್ಯರು 1912ರ ಮುಂಬೈ ವೈದ್ಯಕೀಯ ಕಾಯ್ದೆಯ ಅಡಿಯಲ್ಲಿ ಬಂದರು. ಜಿಲ್ಲೆಯ ಗಡಿಯಾಚೆಯ ಸೊರಬ, ಸಾಗರಗಳಿಗೆ ಮೈಸೂರಿನ 1931ರ ಕಾಯ್ದೆ. ಏಕೀಕರಣದ ಐದು ವರ್ಷಗಳ ನಂತರ, 1961ರ ವೈದ್ಯಕೀಯ ನೋಂದಣಿ ಕಾಯ್ದೆ ಎಲ್ಲರನ್ನೂ ಒಂದೇ ಪಟ್ಟಿಗೆ ತಂದಿತು. ಹಳೆಯ ಪಟ್ಟಿಗಳ ಉದ್ದೇಶ ಓದಿದವರನ್ನೂ ಓದದವರನ್ನೂ ಬೇರ್ಪಡಿಸುವುದು. ಒಮ್ಮೆ ಓದಿದವರು ಓದಿದವರೇ, ಹೆಸರು ಒಮ್ಮೆ ಸೇರಿದರೆ ಆಯುಷ್ಯಪೂರ್ತಿ ಇರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ವೈದ್ಯಶಾಸ್ತ್ರ ನಿಧಾನವಾಗಿ ಬದಲಾಗುತ್ತಿದ್ದ ಕಾಲಕ್ಕೆ ಅದು ಸರಿಯೂ ಇತ್ತು. ಅಮೆರಿಕದಲ್ಲಿ ಪರವಾನಗಿಯ ಮುಂದುವರಿಕೆಗೆ ಕಲಿಕೆಯನ್ನು ಮೊದಲು ಕಡ್ಡಾಯ ಮಾಡಿದ್ದು ನ್ಯೂ ಮೆಕ್ಸಿಕೊ ರಾಜ್ಯ, 1971ರಲ್ಲಿ. ಭಾರತದಲ್ಲಿ 2002ರ ವೈದ್ಯರ ನಡತೆ ಸಂಹಿತೆ ಐದು ವರ್ಷಕ್ಕೆ 30 ಗಂಟೆಯ ಮಾತನ್ನು ಬರೆದಿಟ್ಟಿತು. ಬ್ರಿಟನ್ 2012ರಲ್ಲಿ ಇನ್ನೂ ಮುಂದೆ ಹೋಗಿ, ವರ್ಷವರ್ಷದ ಮೌಲ್ಯಮಾಪನ, ಸಹೋದ್ಯೋಗಿಗಳ ಮತ್ತು ರೋಗಿಗಳ ಅಭಿಪ್ರಾಯ ಎಲ್ಲವನ್ನೂ ಸೇರಿಸಿ ಐದು ವರ್ಷಕ್ಕೊಮ್ಮೆ ವೈದ್ಯರ ಅರ್ಹತೆಯನ್ನು ಮರುದೃಢೀಕರಿಸುವ ಪದ್ಧತಿ ತಂದಿತು.

ಕಾಲೇಜಿನಲ್ಲಿ ಕಲಿತದ್ದು ಹೇಗೆ ಹಳತಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಷ್ಟು ಸ್ಪಷ್ಟ ಸಾಕ್ಷಿ ಬೇರೆಲ್ಲೂ ಸಿಗಲಾರದು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾಯಿತು. ಘಟ್ಟದ ಮೇಲಿನ ಎಷ್ಟೋ ವೈದ್ಯರನ್ನು ತಯಾರು ಮಾಡಿದ ಕಾಲೇಜು ಅದು. ಅದೇ 1957ರಲ್ಲಿ, ಸಿದ್ದಾಪುರದ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನೂ ಅದನ್ನು ಹೊತ್ತು ತಿರುಗುವ ಉಣುಗನ್ನೂ ಪತ್ತೆ ಮಾಡಿದರು. ಅಂದರೆ ಹುಬ್ಬಳ್ಳಿಯ ಮೊದಲ ತಂಡದವರು ಕಾಲೇಜು ಸೇರಿದಾಗ ಮಂಗನ ಕಾಯಿಲೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಇಲ್ಲಿಗೆ ಬಂದು ದವಾಖಾನೆ ತೆರೆದವರು ಅದನ್ನು ಕಲಿತದ್ದು ಡಿಗ್ರಿಯ ನಂತರವೇ.

ಕಲಿತ ಮೇಲೂ ಆ ಜ್ಞಾನ ನಿಂತಲ್ಲಿ ನಿಲ್ಲಲಿಲ್ಲ. ದಶಕಗಳ ಕಾಲ ಇದು ಶಿವಮೊಗ್ಗ ಮತ್ತು ಅದರ ಅಕ್ಕಪಕ್ಕದ ಜಿಲ್ಲೆಗಳ ಕಾಯಿಲೆ ಎಂದೇ ಪಾಠ ನಡೆಯಿತು. 2012ರ ಹೊತ್ತಿಗೆ ಅದು ಬಂಡೀಪುರದಲ್ಲಿ ಕಾಣಿಸಿಕೊಂಡಿತು, ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ನಲುಗಿತು. 2024ರ ಆರಂಭದಲ್ಲಿ ಉತ್ತರ ಕನ್ನಡದ ಪ್ರಕರಣಗಳಲ್ಲಿ ಬಹುಪಾಲು ಸಿದ್ದಾಪುರ ತಾಲೂಕಿನವೇ ಆಗಿದ್ದವು. ಲಸಿಕೆಯ ಕಥೆ ಇನ್ನೂ ಮುಖ್ಯ. 1990ರಿಂದ ಕೊಡುತ್ತಿದ್ದ ಲಸಿಕೆಯ ಎರಡು ಡೋಸಿನಿಂದ ಶೇ 62ರಷ್ಟು, ಬೂಸ್ಟರನ್ನೂ ಸೇರಿಸಿದರೆ ಶೇ 83ರಷ್ಟು ರಕ್ಷಣೆ ಸಿಕ್ಕಿತ್ತು ಎಂದು 2005ರಿಂದ 2010ರವರೆಗಿನ ದಾಖಲೆಗಳನ್ನು ನೋಡಿದ ಅಧ್ಯಯನ ತಿಳಿಸಿತು. ಬರಬರುತ್ತ ಅದರ ಶಕ್ತಿ ಕುಂದಿದ್ದು ಗೊತ್ತಾಗಿ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಹತ್ತು ವರ್ಷದ ಹಿಂದಿನ ತಿಳಿವಳಿಕೆಯಲ್ಲೇ ಇರುವ ವೈದ್ಯರು ಇಂದಿಗೂ ಲಸಿಕೆ ಹಾಕಿಸಿಕೊಂಡವರ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವ ಸಾಧ್ಯತೆ ಇದೆ. ಸೊಪ್ಪಿನ ಬೆಟ್ಟಕ್ಕೆ ದರಕು ತರಲು ಹೋಗಿ ಬಂದವರಿಗೆ ವಾರದೊಳಗೆ ಏಕಾಏಕಿ ಜ್ವರ ಏರಿ, ತಲೆ ಸಿಡಿದು, ಸೊಂಟ ಕಾಲು ನೋವಿನಿಂದ ಏಳಲಾಗದೆ ಹೋದರೆ ಅದು ಮಂಗನ ಕಾಯಿಲೆ ಇರಬಹುದು, ಡೆಂಗಿ ಇರಬಹುದು, ಇಲಿಜ್ವರ ಇರಬಹುದು, ಸ್ಕ್ರಬ್ ಟೈಫಸ್ ಕೂಡ ಇರಬಹುದು. ಮಂಗನ ಕಾಯಿಲೆಯಲ್ಲಿ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಇರುವುದರಿಂದ ಆರ್‌ಟಿಪಿಸಿಆರ್ ಪರೀಕ್ಷೆ ಹಿಡಿಯುತ್ತದೆ, ಆಮೇಲಾದರೆ ಪ್ರತಿಕಾಯ ಹುಡುಕುವ ಪರೀಕ್ಷೆ ಬೇಕು. ಯಾವ ದಿನಕ್ಕೆ ಯಾವುದು ಎಂದು ತಿಳಿಯದಿದ್ದರೆ ರೋಗವಿದ್ದೂ ವರದಿ ಇಲ್ಲ ಎಂದು ಬರುತ್ತದೆ. ಸ್ಕ್ರಬ್ ಟೈಫಸ್ ಆದರೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಸಿಗಬಹುದು, ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಂಗಿ ಬಿಚ್ಚಿಸಿ ಆ ಕಲೆಯನ್ನು ಹುಡುಕುವುದು ಗೊತ್ತಿಲ್ಲದವರು ರೋಗಿಯನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸುತ್ತಾರೆ. ರಕ್ತಸ್ರಾವದ ಭಯವಿರುವ ಜ್ವರಗಳಲ್ಲಿ ಮೈಕೈ ನೋವಿಗೆಂದು ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚಬಾರದು ಎಂಬ ಒಂದೇ ಒಂದು ಸಂಗತಿ ಎಲ್ಲ ದವಾಖಾನೆಗಳಲ್ಲೂ ಗಟ್ಟಿಯಾದರೆ ಆ 6 ಗಂಟೆಗೆ ಬೆಲೆ ಬಂದಂತೆ.

ಹಾವಿನ ಕಡಿತದ ವಿಷಯವೂ ಹೀಗೆಯೇ. ಹಳೆಯ ಪುಸ್ತಕ ಓದಿದವರಿಗೆ ಬಿಗಿಯಾಗಿ ಕಟ್ಟು ಕಟ್ಟುವುದು, ಗಾಯ ಕೊಯ್ಯುವುದು, ವಿಷನಿರೋಧಕ ಕೊಡುವ ಮುನ್ನ ಚರ್ಮದ ಮೇಲೆ ಪರೀಕ್ಷಾ ಡೋಸು ಚುಚ್ಚಿ ನೋಡುವುದು ಇವೆಲ್ಲ ಪಾಠದ ಭಾಗ. ಈಗಿನ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಈ ಮೂರೂ ಬೇಡ. ಕೈಕಾಲು ಅಲುಗದಂತೆ ಮಾಡಿ ಆದಷ್ಟು ಬೇಗ ಆಸ್ಪತ್ರೆ ಸೇರಿಸಬೇಕು. ಮಗುವಿಗಾದರೂ ದೊಡ್ಡವರಿಗಾದರೂ ವಿಷನಿರೋಧಕದ ಪ್ರಮಾಣ ಒಂದೇ, ಏಕೆಂದರೆ ಹಾವು ಮಕ್ಕಳೆಂದು ವಿಷ ಕಡಿಮೆ ಬಿಡುವುದಿಲ್ಲ. ಮಂಡಲದ ಹಾವು ಕಚ್ಚಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಕಿಲ್ಲದ ಒಂದು ಪರೀಕ್ಷೆ ಇದೆ. ರಕ್ತನಾಳದಿಂದ ಎರಡು ಮಿಲಿಲೀಟರ್ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡುವುದು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ನಳಿಕೆ ಗಾಜಿನದೇ ಆಗಿರಬೇಕು, ಒಣಗಿರಬೇಕು, ಸೋಪಿನಲ್ಲಿ ತೊಳೆದದ್ದಾಗಿರಬಾರದು. ಪ್ಲಾಸ್ಟಿಕ್ ನಳಿಕೆಯಲ್ಲಿ ಮಾಡಿದರೆ ವಿಷವಿಲ್ಲದವರ ರಕ್ತವೂ ಹೆಪ್ಪುಗಟ್ಟದಿರಬಹುದು. ಈಗ ಆಸ್ಪತ್ರೆಗಳಿಗೆ ಬರುವ ನಳಿಕೆಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು ಎಂಬುದನ್ನು ನೆನೆದರೆ ಈ ಸಣ್ಣ ವಿವರದ ತೂಕ ಅರ್ಥವಾಗುತ್ತದೆ.

ಅದಕ್ಕಿಂತ ದೊಡ್ಡ ಸಂಗತಿ ಪಶ್ಚಿಮ ಘಟ್ಟದ್ದು. ದೇಶದಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ತೋಟ, ಕಾಡುಗಳಲ್ಲಿ ಗೂನು ಮೂತಿಯ ಗುಳಿಮಂಡಲ ಎಂಬ ಚಿಕ್ಕ ಹಾವೂ ಇದೆ. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡ ಕೈಕೊಡಬಹುದು. ಈ ವಿಷನಿರೋಧಕ ಅದಕ್ಕೆ ಕೆಲಸ ಮಾಡುವುದಿಲ್ಲ. ಕೇರಳದ ವೈದ್ಯರು ಇದನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿದ ಪ್ರಕರಣಗಳನ್ನು 2007ರ ಹೊತ್ತಿಗೆ ಬರೆದು ಪ್ರಕಟಿಸಿದ ಮೇಲೆ ಈ ವಿಷಯಕ್ಕೆ ಗಮನ ಬಂತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ಸಂಗತಿಗಳ ಪಟ್ಟಿಗೆ ಸೇರಿಸಿತು, ಖಾಸಗಿ ದವಾಖಾನೆಗಳಿಗೂ ಅದು ಅನ್ವಯ. 1995ರಲ್ಲಿ ಡಿಗ್ರಿ ಪಡೆದ ವೈದ್ಯರಿಗೆ ಇವುಗಳಲ್ಲಿ ಹೆಚ್ಚಿನವು ಕಾಲೇಜಿನಲ್ಲಿ ಸಿಕ್ಕಿರಲಾರವು. ಅದು ಅವರ ತಪ್ಪಲ್ಲ. ಆದರೆ ಇಂದು ಅವರ ಬಳಿ ಬರುವ ರೋಗಿಗೆ ಇಂದಿನ ಚಿಕಿತ್ಸೆ ಸಿಗಬೇಕು.

ಇಲ್ಲಿ ಬರುವ ಮೊದಲ ಆಕ್ಷೇಪ ಅನುಭವದ್ದು. ಮೂವತ್ತು ವರ್ಷ ಇದೇ ಊರಿನಲ್ಲಿ ಸಾವಿರಾರು ಜ್ವರ ನೋಡಿದವರಿಗೆ ಹೋಟೆಲಿನ ಸಭಾಂಗಣದಲ್ಲಿ ಕೂತು ಕಲಿಯುವುದೇನಿದೆ ಎಂದು ಕೇಳುವವರಿದ್ದಾರೆ. ಅನುಭವವನ್ನು ನಾನೂ ಗೌರವಿಸುತ್ತೇನೆ. ನಾಡಿ ಹಿಡಿದಾಗಲೇ ರೋಗಿ ಕೆಡುತ್ತಿದ್ದಾನೆ ಎಂದು ಗ್ರಹಿಸುವ ಚಾಕಚಕ್ಯತೆ ಯಾವ ಸಿಎಂಇಯಲ್ಲೂ ಸಿಗದು. ಆದರೆ ಅಳೆದು ನೋಡಿದವರ ಮಾತು ಬೇರೆ. ಹಾರ್ವರ್ಡ್‌ನ ಸಂಶೋಧಕರು 2005ರಲ್ಲಿ ಈ ಪ್ರಶ್ನೆಯ ಮೇಲಿನ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ವೃತ್ತಿಯ ವರ್ಷಗಳು ಹೆಚ್ಚಿದಂತೆ ಚಿಕಿತ್ಸೆ ಈಗಿನ ಮಾರ್ಗಸೂಚಿಯಿಂದ ದೂರ ಸರಿಯುತ್ತದೆ ಎಂದು ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳು ತೋರಿಸಿದವು. ಇದರಿಂದ ಹಿರಿಯ ವೈದ್ಯರು ಕೆಟ್ಟ ವೈದ್ಯರು ಎಂದಾಗುವುದಿಲ್ಲ. ಹಳೆಯ ಕಲಿಕೆ ತಾನಾಗಿಯೇ ಹೊಸತಾಗುವುದಿಲ್ಲ ಎಂದಷ್ಟೇ ಆಗುತ್ತದೆ. ತನಗೆ ಯಾವುದು ಗೊತ್ತಿಲ್ಲ ಎಂಬುದು ವೈದ್ಯರಿಗೇ ಗೊತ್ತಾಗುತ್ತದಲ್ಲ, ಬೇಕಾದಾಗ ಓದಿಕೊಳ್ಳುತ್ತಾರೆ ಎಂಬ ವಾದಕ್ಕೂ ಉತ್ತರವಿದೆ. 2006ರಲ್ಲಿ ಪ್ರಕಟವಾದ ಇನ್ನೊಂದು ವಿಮರ್ಶೆ, ವೈದ್ಯರು ತಮಗೆ ತಾವೇ ಕೊಟ್ಟುಕೊಂಡ ಅಂಕವನ್ನೂ ಬೇರೆಯವರು ಅಳೆದು ಕೊಟ್ಟ ಅಂಕವನ್ನೂ 20 ಸಂದರ್ಭಗಳಲ್ಲಿ ಹೋಲಿಸಿತು. 13ರಲ್ಲಿ ಎರಡಕ್ಕೂ ತಾಳೆಯೇ ಇರಲಿಲ್ಲ, ಇಲ್ಲವೇ ತೀರ ಅಲ್ಪವಾಗಿತ್ತು, ಕೆಲವೆಡೆ ಉಲ್ಟಾ ಇತ್ತು. ಮನುಷ್ಯ ಸ್ವಭಾವವೇ ಹಾಗೆ, ಅದಕ್ಕೆ ವೈದ್ಯರು ಹೊರತಲ್ಲ. ಹೊರಗಿನಿಂದ ಒಂದು ಕಡ್ಡಾಯ ಬೇಕಾಗುವುದು ಇದಕ್ಕೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದನ್ನು ಎತ್ತುವವರಲ್ಲಿ ವೈದ್ಯರೇ ಹೆಚ್ಚು. ಬೆಳಿಗ್ಗೆ ಹೆಸರು ಬರೆಸಿ, ಎರಡು ಭಾಷಣ ಕೇಳಿ, ಊಟ ಮುಗಿಸಿ, ಸಂಜೆ ಪ್ರಮಾಣಪತ್ರ ಹಿಡಿದು ಬರುವ ಸಿಎಂಇಯಿಂದ ಏನೂ ಬದಲಾಗುವುದಿಲ್ಲ, ಆದ್ದರಿಂದ ಇಡೀ ನಿಯಮವನ್ನೇ ಬಿಟ್ಟುಬಿಡಿ ಎಂಬ ವಾದವದು. ಇದರ ಮೊದಲ ಅರ್ಧ ನಿಜ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2009ರಲ್ಲಿ ಇಂಥ ಸಭೆಗಳ ಬಗೆಗಿನ 81 ಪ್ರಯೋಗಗಳನ್ನು ಪರಿಶೀಲಿಸಿತು. ಸಭೆಗಳಿಂದ ವೈದ್ಯರ ನಡೆಯಲ್ಲಿ ಆದ ಸುಧಾರಣೆ ನಡುಮಟ್ಟದಲ್ಲಿ ಶೇ 6. ಬರೀ ಭಾಷಣ ಕೇಳಿದ್ದಕ್ಕಿಂತ ಭಾಷಣದ ಜೊತೆ ಚರ್ಚೆ, ಅಭ್ಯಾಸ ಎರಡೂ ಬೆರೆತ ಕಡೆ ಫಲ ಹೆಚ್ಚು ಸಿಕ್ಕಿತ್ತು. ಶೇ 6 ಚಿಕ್ಕದಾಗಿ ಕಾಣುತ್ತದೆ, ಆದರೆ ಒಂದು ತಾಲೂಕಿನ ಮಳೆಗಾಲದ ಜ್ವರಗಳ ಮೇಲೆ ಹರಡಿದರೆ ಅದು ಒಂದಷ್ಟು ಮನೆಗಳ ಉಳಿವು. ಆಕ್ಷೇಪದ ಎರಡನೆಯ ಅರ್ಧ ಇಲ್ಲಿ ಸೋಲುತ್ತದೆ: ಕಲಿಕೆಯ ರೀತಿ ಬದಲಾದರೆ ಫಲವೂ ಬದಲಾಗುತ್ತದೆ ಎಂದು ಅದೇ ಸಾಕ್ಷ್ಯ ಹೇಳುವಾಗ ಕಲಿಕೆಯನ್ನೇ ಕೈಬಿಡುವುದಕ್ಕೆ ಕಾರಣ ಉಳಿಯುವುದಿಲ್ಲ. ನಮ್ಮ ನಿಯಮ ಕೇಳುವುದು ಎಷ್ಟು ಹೊತ್ತು ಕುಳಿತಿರಿ ಎಂದು ಮಾತ್ರ. ಏನನ್ನು ಕಲಿತಿರಿ, ನಿಮ್ಮ ದವಾಖಾನೆಗೆ ಬರುವ ರೋಗಿಗೂ ಅದಕ್ಕೂ ಸಂಬಂಧವೇನು ಎಂದು ಅದು ಕೇಳುವುದಿಲ್ಲ. ಯಲ್ಲಾಪುರದ ಸಾಮಾನ್ಯ ವೈದ್ಯರೊಬ್ಬರು ಮಹಾನಗರದ ಸಮ್ಮೇಳನದಲ್ಲಿ ಹೃದಯದ ಹೊಸ ಕವಾಟದ ಬಗ್ಗೆ ಕೇಳಿದರೂ, ಉಣುಗಿನ ಜ್ವರದ ಬಗ್ಗೆ ಕೇಳಿದರೂ ಗಂಟೆಯ ಲೆಕ್ಕ ಒಂದೇ. ತಾವು ಮಾಡುವ ಚಿಕಿತ್ಸೆಗೆ ಸಂಬಂಧಪಟ್ಟದ್ದನ್ನೇ ಕಲಿಯಬೇಕು ಎಂದು 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಡತೆ ನಿಯಮಾವಳಿ ಹೇಳಿತ್ತು. ಬೇರೆ ಕಾರಣಗಳಿಗೆ ವಿರೋಧ ಬಂದು ಅದೇ ತಿಂಗಳ 23ರಂದು ಆ ನಿಯಮಾವಳಿಯನ್ನು ತಡೆಹಿಡಿದರು, 2002ರ ಹಳೆಯದೇ ಮುಂದುವರಿಯಿತು.

ಆ ತಡೆಹಿಡಿದ ನಿಯಮಾವಳಿಯಲ್ಲಿ ಇನ್ನೊಂದು ಅಂಶವಿತ್ತು. ಔಷಧ ಕಂಪನಿಗಳು ನೇರವಾಗಿಯೋ ಪರೋಕ್ಷವಾಗಿಯೋ ಹಣ ಹಾಕಿದ ಶೈಕ್ಷಣಿಕ ಕಾರ್ಯಕ್ರಮಗಳಿಗೆ ವೈದ್ಯರು ಹೋಗಬಾರದು ಎಂಬುದು ಅದು. ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯುವುದನ್ನು 2009ರ ಡಿಸೆಂಬರಿನ ತಿದ್ದುಪಡಿ ಆಗಲೇ ನಿಷೇಧಿಸಿತ್ತು. ಕಲಿಕೆಯ ಖರ್ಚನ್ನು ಮಾತ್ರೆ ಮಾರುವವರು ಭರಿಸಿದರೆ ಕಲಿಕೆಯ ವಿಷಯವೂ ಅವರದೇ ಆಗುತ್ತದೆ. ಸಕ್ಕರೆ ಕಾಯಿಲೆಯ ದುಬಾರಿ ಮಾತ್ರೆಯ ಬಗ್ಗೆ ಸಭೆ ಕರೆಯಲು ಕಂಪನಿಗಳು ಸಾಲಾಗಿ ನಿಲ್ಲುತ್ತವೆ. ಡಾಕ್ಸಿಸೈಕ್ಲಿನ್ ಬಗ್ಗೆ, ಗಾಜಿನ ನಳಿಕೆಯ ಬಗ್ಗೆ, ಮಾತ್ರೆಯೇ ಇಲ್ಲದ ಮಂಗನ ಕಾಯಿಲೆಯ ಬಗ್ಗೆ ಸಭೆ ಕರೆಯುವುದರಲ್ಲಿ ಯಾರಿಗೂ ಲಾಭವಿಲ್ಲ. ಮಲೆನಾಡಿನ ಕಾಯಿಲೆಗಳು ಸಿಎಂಇಗಳ ಪಟ್ಟಿಯಿಂದ ಬಿಟ್ಟುಹೋಗಲು ಯಾರ ದುರುದ್ದೇಶವೂ ಬೇಕಾಗಿಲ್ಲ, ಈ ಲೆಕ್ಕಾಚಾರವೇ ಸಾಕು. ಕಂಪನಿಗಳ ಹಣ ನಿಂತರೆ ಸಭೆಗಳೇ ನಿಲ್ಲುತ್ತವೆ ಎಂದು ಭಾರತೀಯ ವೈದ್ಯಕೀಯ ಸಂಘದವರು ಹೇಳುವುದುಂಟು. ದೊಡ್ಡ ಊರಿನ ದೊಡ್ಡ ಸಭೆಗಳ ಮಟ್ಟಿಗೆ ಅದು ನಿಜವಿರಬಹುದು. ತಾಲೂಕು ಆಸ್ಪತ್ರೆಯ ಒಂದು ಕೋಣೆಯಲ್ಲಿ ಇಪ್ಪತ್ತು ಮೂವತ್ತು ವೈದ್ಯರು ಅರ್ಧ ದಿನ ಕೂರಲು ಚಹಾ, ಅವಲಕ್ಕಿಯ ಖರ್ಚಿಗಿಂತ ಹೆಚ್ಚೇನು ಬೇಕು? 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಕಟ್ಟಿ ಅಡಿಕೆಯ ಮಾರಾಟವನ್ನು ತಮ್ಮ ಕೈಗೆ ತೆಗೆದುಕೊಂಡ ಸೀಮೆ ಇದು. ಊರೂರಿಗೆ ಸೇವಾ ಸಹಕಾರಿ ಸಂಘಗಳಿರುವ ಕಡೆ ಆ ಖರ್ಚಿಗೆ ದಾರಿಯಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಮೂರನೆಯ ಆಕ್ಷೇಪ ದೂರದ್ದು ಮತ್ತು ಕೊರತೆಯದ್ದು. ಉತ್ತರ ಕನ್ನಡದಲ್ಲಿ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ಬೀದಿಗಿಳಿದದ್ದು, 2022ರಲ್ಲಿ ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದದ್ದು ಎಲ್ಲರಿಗೂ ನೆನಪಿದೆ. ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ಸಿಎಂಇಗೆ ಹೋದ ದಿನ ರೋಗಿಗಳು ವಾಪಸಾಗುತ್ತಾರೆ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರು, ಬೆಂಗಳೂರು ನಾನೂರು; ಸಿದ್ದಾಪುರದವರಿಗೆ ಹುಬ್ಬಳ್ಳಿ ಇನ್ನೂ ದೂರ. ಇಂಥಲ್ಲಿ ನಿಯಮ ಬಿಗಿ ಮಾಡಿದರೆ ಇರುವ ವೈದ್ಯರೂ ಬಿಟ್ಟುಹೋದಾರು ಎಂಬ ಭಯ ಸಹಜ. ಈ ಕಷ್ಟವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ವೈದ್ಯರು ಕಲಿಕೆಯ ಕಡೆಗೆ ಪ್ರಯಾಣ ಮಾಡಬೇಕೆಂಬ ಪದ್ಧತಿಯಿಂದ ಬಂದ ಕಷ್ಟ. ಅದನ್ನು ತಿರುಗಿಸಿದ ಉದಾಹರಣೆ, 1971ರಲ್ಲಿ ಕಡ್ಡಾಯ ತಂದ ಅದೇ ನ್ಯೂ ಮೆಕ್ಸಿಕೊದಲ್ಲಿದೆ. ಅದು ಊರುಗಳು ದೂರದೂರ ಚದುರಿದ, ತಜ್ಞರು ಒಂದೇ ನಗರದಲ್ಲಿರುವ ರಾಜ್ಯ. ಅಲ್ಲಿ ಸಂಜೀವ್ ಅರೋರ ಎಂಬ ಭಾರತೀಯ ಮೂಲದ ಯಕೃತ್ ತಜ್ಞರು 2003ರಲ್ಲಿ ಎಕೋ ಎಂಬ ಯೋಜನೆ ಆರಂಭಿಸಿದರು. ಹಳ್ಳಿಯ ವೈದ್ಯರು ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರಿ, ತಮ್ಮದೇ ರೋಗಿಯ ವಿವರವನ್ನು ಮುಂದಿಟ್ಟು, ತಜ್ಞರೊಂದಿಗೂ ತಮ್ಮತಮ್ಮಲ್ಲೂ ಚರ್ಚಿಸುತ್ತಿದ್ದರು. ಹೆಪಟೈಟಿಸ್ ಸಿ ಎಂಬ ಕ್ಲಿಷ್ಟ ಕಾಯಿಲೆಯಲ್ಲಿ ಈ ಹಳ್ಳಿ ವೈದ್ಯರ ಚಿಕಿತ್ಸೆಯಿಂದ ಶೇ 58.2 ರೋಗಿಗಳ ರಕ್ತದಿಂದ ವೈರಸ್ ಹೋಯಿತು, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇ 57.5. 2011ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಎಷ್ಟೋ ದೇಶಗಳು ಈ ಮಾದರಿಯನ್ನು ಎತ್ತಿಕೊಂಡವು. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ಮಾನಸಿಕ ಕಾಯಿಲೆ ಮತ್ತು ವ್ಯಸನದ ಚಿಕಿತ್ಸೆಯನ್ನು ದೂರದ ವೈದ್ಯರಿಗೆ ಕಲಿಸುತ್ತ ಬಂದಿದೆ. ಕೊರೊನಾ ಕಾಲದಲ್ಲಿ ವಿಡಿಯೊ ಪಾಠ ನಮ್ಮ ವೈದ್ಯರಿಗೂ ರೂಢಿಯಾಗಿದೆ. ಗುಡ್ಡದ ಮರೆಯ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದೂ ನಿಜ, ಅದಕ್ಕೇ ತಾಲೂಕು ಆಸ್ಪತ್ರೆಯ ಒಂದು ಕೋಣೆಯನ್ನು ಇದಕ್ಕೆಂದು ಸಜ್ಜುಗೊಳಿಸಬೇಕಾಗುತ್ತದೆ.

ಯಾವ ನೋಂದಣಿಯೂ ಇಲ್ಲದೆ ಇಂಜೆಕ್ಷನ್ ಚುಚ್ಚುವವರು ಇರುವಾಗ, ಓದಿ ನೋಂದಣಿ ಮಾಡಿಸಿಕೊಂಡವರನ್ನೇ ಏಕೆ ಹಿಡಿಯುತ್ತೀರಿ ಎಂದೂ ಕೇಳುವವರಿದ್ದಾರೆ. ನಕಲಿ ವೈದ್ಯರನ್ನು ತಡೆಯುವುದು ಜಿಲ್ಲಾಡಳಿತದ ಕೆಲಸ, ಅದು ಆಗಬೇಕು. ಆದರೆ ನೋಂದಾಯಿತ ವೈದ್ಯರಿಗೂ ನಕಲಿಯವರಿಗೂ ಇರುವ ಅಂತರ ಜನರ ಕಣ್ಣಿಗೆ ಚಿಕಿತ್ಸೆಯಲ್ಲೇ ಕಾಣಬೇಕಾದರೆ ನೋಂದಣಿಯ ಹಿಂದೆ ಜೀವಂತ ಕಲಿಕೆ ಇರಬೇಕು. ಜನರ ಪಾತ್ರವೂ ಇಲ್ಲಿದೆ. ವೈದ್ಯರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನೋಂದಣಿ ಯಾವ ವರ್ಷದವರೆಗೆ ಇದೆ ಎಂಬುದನ್ನು ದವಾಖಾನೆಯ ಬೋರ್ಡಿನಲ್ಲಿ ಸಂಖ್ಯೆಯ ಪಕ್ಕದಲ್ಲೇ ಬರೆಯುವ ರೂಢಿ ಬಂದರೆ ಅದಕ್ಕೆ ಖರ್ಚೂ ಇಲ್ಲ, ಯಾರಿಗೂ ಅವಮಾನವೂ ಇಲ್ಲ.

ಹಾಗಾದರೆ ಆ 30 ಗಂಟೆಯನ್ನು ಹೇಗೆ ಹಂಚಬೇಕು? ಅರ್ಧ, ಅಂದರೆ 15 ಗಂಟೆ, ವೈದ್ಯರ ಆಯ್ಕೆಗೆ ಇರಲಿ. ತಜ್ಞರು ತಮ್ಮ ಸಮ್ಮೇಳನಗಳಿಗೆ ಹೋಗಿ ಬರಲಿ. ಉಳಿದ 15 ಗಂಟೆ, ವರ್ಷಕ್ಕೆ ಮೂರರಂತೆ, ಅವರು ಕೆಲಸ ಮಾಡುವ ಸೀಮೆಯ ಕಾಯಿಲೆಗಳಿಗೆ ಮೀಸಲಾಗಲಿ ಎಂಬುದು ನನ್ನ ಸಲಹೆ. ಇದನ್ನು ಜಾರಿಗೆ ತರಲು ದಿಲ್ಲಿಯ ಹೊಸ ನಿಯಮಾವಳಿಗೆ ಕಾಯಬೇಕಿಲ್ಲ, ಯಾವ ಕಾರ್ಯಕ್ರಮಕ್ಕೆ ಎಷ್ಟು ಕ್ರೆಡಿಟ್ ಎಂದು ತೀರ್ಮಾನಿಸುವುದು ರಾಜ್ಯದ ವೈದ್ಯಕೀಯ ಪರಿಷತ್ತೇ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ, ಸಿದ್ದಾಪುರ ಮತ್ತು ಯಲ್ಲಾಪುರದ ತಾಲೂಕು ಆಸ್ಪತ್ರೆಗಳಲ್ಲಿ ಸರದಿಯ ಮೇಲೆ ಅರ್ಧ ದಿನದ ಸಭೆಗಳಾಗಲಿ. ಹುಬ್ಬಳ್ಳಿಯ ಕಾಲೇಜು, 2016ರಲ್ಲಿ ಆರಂಭವಾದ ಕಾರವಾರದ ವೈದ್ಯಕೀಯ ಕಾಲೇಜು, ಶಿವಮೊಗ್ಗದ ವೈರಸ್ ಪ್ರಯೋಗಾಲಯ ಇಷ್ಟು ಕಡೆಯ ತಜ್ಞರು ನೇರವಾಗಿಯೋ ವಿಡಿಯೊದಲ್ಲೋ ಸೇರಿಕೊಳ್ಳಲಿ. ಹಿಂದಿನ ವರ್ಷ ತಾಲೂಕಿನಲ್ಲಿ ಜ್ವರದಿಂದ, ಹಾವಿನಿಂದ ಸತ್ತವರ ಚಿಕಿತ್ಸೆಯ ದಾಖಲೆಗಳನ್ನು ಹೆಸರು ಮರೆಮಾಡಿ ಓದಿ, ಎಲ್ಲಿ ತಡವಾಯಿತು, ಯಾವ ಪರೀಕ್ಷೆ ತಪ್ಪಿತು ಎಂದು ತಪ್ಪಿತಸ್ಥರನ್ನು ಹುಡುಕದೆ ಚರ್ಚಿಸುವುದು ಸಭೆಯ ತಿರುಳಾಗಬೇಕು. ಹೀಗೆ ಚರ್ಚೆಗೆ ತಂದ ಪ್ರಕರಣಕ್ಕೂ ಕ್ರೆಡಿಟ್ ಸಿಗಬೇಕು. ದಾದಿಯರನ್ನೂ ಫಾರ್ಮಸಿಸ್ಟರನ್ನೂ ಅದೇ ಕೋಣೆಯಲ್ಲಿ ಕೂರಿಸಿ ಅವರವರ ಪರಿಷತ್ತಿನ ಲೆಕ್ಕಕ್ಕೆ ಸೇರಿಸಬೇಕು, ಏಕೆಂದರೆ ಜ್ವರ ಬಂದವರು ಮೊದಲು ಹೋಗುವುದು ಔಷಧ ಅಂಗಡಿಗೆ, ನೋವಿನ ಮಾತ್ರೆ ಕೈಗೆ ಬರುವುದೂ ಅಲ್ಲೇ. ಮನೆಮನೆಗೆ ಹೋಗಿ ಉಣುಗು ತಡೆಯುವ ಡೀಪಾ ತೈಲ ಹಂಚುವ ಆಶಾ ಕಾರ್ಯಕರ್ತೆಯರಿಗೆ ಯಾವ ಪರಿಷತ್ತಿನ ಕ್ರೆಡಿಟ್ಟೂ ಬೇಕಿಲ್ಲ, ಆದರೆ ಯಾವ ಮನೆಯವರು ಯಾವ ಬೆಟ್ಟಕ್ಕೆ ಹೋಗಿದ್ದರು, ಎಲ್ಲಿ ಮಂಗ ಸತ್ತಿತ್ತು ಎಂಬುದು ಗೊತ್ತಿರುವುದು ಅವರಿಗೇ. ಆ ಸಭೆಯಲ್ಲಿ ಅವರೂ ಮಾತಾಡಬೇಕು. ಹಾವಿನ ಕಡಿತದ ಸಭೆ ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ನಡೆದರೆ ಒಳ್ಳೆಯದು. ಮಂಗನ ಕಾಯಿಲೆಯದು ನವೆಂಬರ್ ಮುಗಿಯುವುದರೊಳಗೆ ಆಗಬೇಕು, ಡಿಸೆಂಬರಿನಿಂದ ಜ್ವರದವರು ಬರತೊಡಗುತ್ತಾರೆ.